ಸಾಕ್ಷಿಯ ನೋಟ
(ರೇಗನ್ಸ್‌ಬರ್ಗ್‌ನ ಕನ್ನಡ ಕೂಟದಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಈ ಊರಿನ ಕಲ್ಲುಸೇತುವೆಯಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಒಂದು ಹಳೆಯ ಮನೆಯಿದೆ. ಖಗೋಳವಿಜ್ಞಾನಿ ಯೋಹಾನೆಸ್ ಕೆಪ್ಲರ್ 1630ರ ನವೆಂಬರ್ 15ರಂದು ಅಲ್ಲಿ ಕೊನೆಯುಸಿರೆಳೆದರು. ಮಂಗಳಗ್ರಹದ ಪಥ ವೃತ್ತಾಕಾರದ್ದೆಂದು ನಂಬಿ ಅವರು ಬಹುಕಾಲ ಲೆಕ್ಕ ಹಾಕಿದ್ದರು. ಆದರೆ ಟೈಕೋ ಬ್ರಾಹೆಯವರ ವೀಕ್ಷಣೆಗಳಿಗೂ ಆ ಲೆಕ್ಕಕ್ಕೂ ಒಂದು ಡಿಗ್ರಿಯ ಅರವತ್ತರಲ್ಲಿ ಎಂಟು ಪಾಲಿನಷ್ಟು ವ್ಯತ್ಯಾಸ ಉಳಿಯಿತು. ಅದು ಪೂರ್ಣಚಂದ್ರನ ಅಗಲದ ಸುಮಾರು ಕಾಲುಭಾಗ. ಅದನ್ನು ಮುಚ್ಚಿಹಾಕುವುದು ಸುಲಭವಿತ್ತು. ಕೆಪ್ಲರ್ ಮುಚ್ಚಲಿಲ್ಲ, ವೃತ್ತವನ್ನೇ ಕೈಬಿಟ್ಟರು. ಪಥವು ದೀರ್ಘವೃತ್ತವೆಂಬ ಸತ್ಯ 1609ರಲ್ಲಿ ಪ್ರಕಟವಾಯಿತು.

ಬಾಳನ್ನೂ ಹೀಗೆ ನೋಡಲು ಸಾಧ್ಯವೇ?

ಮಧುಮೇಹಿಗಳಿಗೆ ರಕ್ತದ ಸಕ್ಕರೆಯ ಪ್ರಮಾಣವನ್ನು ಬರೆದಿಡಲು ವೈದ್ಯರಾದ ನಾವು ಹೇಳುತ್ತೇವೆ. ಒಬ್ಬ ಹಿರಿಯರ ಪುಸ್ತಕದಲ್ಲಿ ಮೂರು ತಿಂಗಳೂ 118, 120, 125. ಆದರೆ ಆ ಅವಧಿಯ ಸರಾಸರಿಯನ್ನು ತೋರುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.5 ಬಂದಿತ್ತು. ಕೇಳಿದಾಗ, "ನೀವು ಬೈಯುತ್ತೀರೆಂದು ಹಾಗೆ ಬರೆದೆ" ಎಂದರು. ಹಿಂದೊಮ್ಮೆ 200 ಕಂಡು ಹುಬ್ಬು ಗಂಟಿಕ್ಕಿದವನು ನಾನೇ. ತೀರ್ಪಿನ ಭಯವಿದ್ದಲ್ಲಿ ಸತ್ಯ ಕಾಗದಕ್ಕಿಳಿಯದು.

ಅಂದು ಸಂಜೆ ನನ್ನ ಪುಸ್ತಕವನ್ನೂ ತೆರೆದೆ. ತಂದೆಯವರು ತೀರಿಕೊಂಡಾಗ ನಾನು ಪರದೇಶದಲ್ಲಿ ರೆಸಿಡೆನ್ಸಿಯಲ್ಲಿದ್ದೆ; ಊರು ತಲುಪುವಷ್ಟರಲ್ಲಿ ಚಿತೆ ಆರಿತ್ತು. ಆಮೇಲೆ ಇಪ್ಪತ್ತು ವರ್ಷ ಮನಸ್ಸಿನಲ್ಲಿ ನ್ಯಾಯಾಲಯ ನಡೆಯಿತು. ಒಮ್ಮೆ "ನೀನು ಕೃತಘ್ನ" ಎಂಬ ತೀರ್ಪು, ಇನ್ನೊಮ್ಮೆ "ಬೇರೆ ದಾರಿಯಿರಲಿಲ್ಲ" ಎಂಬ ಬಿಡುಗಡೆ. ಈ ವಾದದ ನಡುವೆ ನಡೆದದ್ದನ್ನು ನೋಡಿರಲೇ ಇಲ್ಲ. ಹಳೆಯ ಪತ್ರಗಳನ್ನು ತೆಗೆದು ಕಂಡದ್ದಷ್ಟನ್ನೇ ಬರೆದೆ: ಕೊನೆಯ ವರ್ಷ ಅಪ್ಪ ಬರೆದ ಪತ್ರ ಹನ್ನೊಂದು, ನಾನು ಉತ್ತರಿಸಿದ್ದು ಮೂರು. ಒಂಬತ್ತನೆಯದರಲ್ಲಿ, "ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆ" ಎಂದಿತ್ತು. ಮಗನಾಗಿ ಓದಿದ್ದೆ, ವೈದ್ಯನಾಗಿ ಓದಿರಲಿಲ್ಲ.

ದುಃಖ ಉಮ್ಮಳಿಸಿ ಬಂತು. ವಾದ ಮಾತ್ರ ನಿಂತಿತು. ಈಗ ಪ್ರತಿ ಭಾನುವಾರ ಅಮ್ಮನಿಗೆ ಫೋನ್ ಮಾಡುತ್ತೇನೆ. ಆಯಾಸವೆಂದರೆ ಮಾತು ತಿರುಗಿಸದೆ ಕೇಳುತ್ತೇನೆ.

ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳಿವೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ಸುಮ್ಮನೆ ನೋಡುತ್ತದೆ. ನಮ್ಮ ಹಿರಿಯರು ಆ ನೋಡುವವನನ್ನು ಸಾಕ್ಷಿ ಎಂದರು, ನ್ಯಾಯಾಧೀಶನೆನ್ನಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ 1979ರಿಂದ ಜಾನ್ ಕಬಟ್-ಝಿನ್ ಅವರು ದೀರ್ಘಕಾಲದ ನೋವಿನಿಂದ ಬಳಲುವವರಿಗೆ ಕಲಿಸಿದ್ದೂ ಇಂಥ ತೀರ್ಪಿಲ್ಲದ ಗಮನವನ್ನೇ.

ಇದು ಹೊಣೆ ಕಳಚಿಕೊಳ್ಳುವ ಉಪಾಯವಲ್ಲ. ಔಷಧದ ಪ್ರಮಾಣವನ್ನು ಬದಲಿಸಬೇಕಾದರೂ ಮೊದಲು ನಿಜವಾದ ಅಂಕಿ ಬೇಕು. ಇಂದು ರಾತ್ರಿ ಮಲಗುವ ಮುನ್ನ ನಿಮ್ಮ ದಿನದ ಐದು ಸಂಗತಿಗಳನ್ನು, ಒಳ್ಳೆಯದು ಕೆಟ್ಟದ್ದೆಂಬ ಮಾತು ಸೇರಿಸದೆ, ಬರೆದು ನೋಡಿ.