ಮೊದಲ ವರ್ಷದ ಹಿತ್ತಲು: ಬೆಳೆದದ್ದು, ಕಳೆದದ್ದು

(ಮಳೆಗಾಲಕ್ಕೆ ಮುನ್ನ ನಡೆದ ಬೀಜ ವಿನಿಮಯ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಡಿಕೆ ತೋಟ ವಿಸ್ತರಿಸಿದಂತೆಲ್ಲ ಮಲೆನಾಡಿನ ಹಿತ್ತಲು ಕಿರಿದಾಗುತ್ತ ಬಂದಿದೆ. ಹಿಂದೆ ಅಂಗಳದಾಚೆ ಸಿಗುತ್ತಿದ್ದ ಬದನೆ, ಹೀರೆಗಳು ಈಗ ಬಯಲುಸೀಮೆಯಿಂದ ಲಾರಿಯಲ್ಲಿ ಸಂತೆಗೆ ಬರುತ್ತವೆ. ಇದರ ನಡುವೆಯೂ ಮನೆಯ ಹಿಂದೆ, ಶಾಲೆಯ ಪಕ್ಕದಲ್ಲಿ ಒಂದು ಗುಂಟೆ, ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ತುಂಡು ನೆಲ ಹದಮಾಡಿ ತರಕಾರಿ ಬೆಳೆಯಲು ಹೊರಡುವವರು ಇದ್ದಾರೆ. ಇದು ಸಂತೋಷದ ಸಂಗತಿ. ಚಿಂತೆಯ ಸಂಗತಿಯೆಂದರೆ, ಇಂಥ ಹಿತ್ತಲುಗಳಲ್ಲಿ ಹಲವು ಎರಡನೆಯ ವರ್ಷವನ್ನೇ ಕಾಣುವುದಿಲ್ಲ.

ಮೊದಲ ವರ್ಷ ಸೋಲು ಸಹಜ. ಆದರೆ ಎಲ್ಲ ಸೋಲೂ ಒಂದೇ ಬಗೆಯದಲ್ಲ. ಕೆಲವು ಕಾಲ ತಪ್ಪಿದ್ದರಿಂದ ಬರುವಂಥವು; ಕೆಲವು ಗಮನವಿಟ್ಟರೆ ತಡೆಯಬಹುದಾದಂಥವು; ಕೆಲವು ಒಂದೇ ಮನೆಯಿಂದ ನಿವಾರಿಸಲಾಗದಂಥವು. ಇವನ್ನು ಬೇರ್ಪಡಿಸಿ ನೋಡದವರು "ಈ ಮಣ್ಣಿಗೆ ತರಕಾರಿ ಒಗ್ಗದು" ಎಂದು ಬೇಲಿ ಕಿತ್ತುಬಿಡುತ್ತಾರೆ.

ಮೊದಲು ಕಾಲದ ಮಾತು. ಬೀಜದ ಪೊಟ್ಟಣದ ಮೇಲೆ ಜೂನ್–ಜುಲೈ ಬಿತ್ತನೆ ಎಂದು ಅಚ್ಚಾಗಿದ್ದರೆ ಅದು ಬಯಲುಸೀಮೆಗೆ ಸರಿ. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ ಬರುತ್ತದೆ. ಅಲ್ಲಿ ಆರಿದ್ರೆ ಮಳೆಯಲ್ಲಿ ಊರಿದ ಬೀಜ ಮೊಳೆಯುವ ಮುನ್ನವೇ ಕೊಳೆಯುವ ಸಂಭವ ಹೆಚ್ಚು. ಹೀರೆ, ಹಾಗಲ, ಸೌತೆಗಳ ಬೀಜವನ್ನು ಕೃತ್ತಿಕೆ, ರೋಹಿಣಿ ಮಳೆಗಳ ಹದದಲ್ಲಿ, ಅಂದರೆ ಮೇ ನಡುವಿನಿಂದ ಜೂನ್ ಮೊದಲ ವಾರದೊಳಗೆ ಹಾಕಿದರೆ ದೊಡ್ಡ ಮಳೆ ಹಿಡಿಯುವಷ್ಟರಲ್ಲಿ ಬಳ್ಳಿ ಚಪ್ಪರಕ್ಕೆ ಏರಿರುತ್ತದೆ. ಸಾಲುಗಳು ನೆಲಮಟ್ಟಕ್ಕಿಂತ ಸುಮಾರು ಒಂದಡಿ ಎತ್ತರವಿದ್ದು, ನೀರು ಹರಿದುಹೋಗಲು ನಡುವೆ ಕಾಲುವೆ ಇರಬೇಕು. ಟೊಮೆಟೊ, ಮೂಲಂಗಿ, ಕೋಸುಗಳನ್ನು ಮಳೆ ಹಿಂದೆಗೆದ ಬಳಿಕ ಚಳಿಗಾಲಕ್ಕೆ ಬಿಡುವುದೇ ಲೇಸು.

ಸುರಿಯುವ ಮಳೆ ಮಣ್ಣಿನಲ್ಲಿರುವ ಸುಣ್ಣದ ಅಂಶವನ್ನು ತೊಳೆದೊಯ್ಯುತ್ತದೆ. ಆದ್ದರಿಂದ ಮಲೆನಾಡಿನ ಮಣ್ಣು ಹುಳಿಮಣ್ಣು. ಒಲೆಯ ಬೂದಿಯನ್ನೋ ಕೃಷಿ ಸುಣ್ಣವನ್ನೋ ಹಿತಮಿತವಾಗಿ ಬೆರೆಸಿದರೆ ಹುಳಿ ತಗ್ಗುತ್ತದೆ. ತರಗೆಲೆಯ ಹೊದಿಕೆ ಮಣ್ಣನ್ನು ಮಳೆಹನಿಯ ಹೊಡೆತದಿಂದ ಕಾಯುತ್ತದೆ. ಆದರೆ ಅದೇ ಹೊದಿಕೆ ಬಸವನಹುಳುವಿಗೂ ಆಸರೆಯಾಗುತ್ತದೆ. ಎಳೆಸಸಿಯ ಬುಡವನ್ನು ಬರಿದಾಗಿಟ್ಟು, ಸಸಿ ಬಲಿತ ಮೇಲೆ ಎಲೆ ಹೊದಿಸುವುದು ಉಚಿತ.

ಗೆಲುವು ಎಲ್ಲಿ ಸುಲಭವೆಂಬುದನ್ನೂ ಹೇಳಬೇಕು. ಹರಿವೆ ಸೊಪ್ಪು ಬಿತ್ತಿದ 25–30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಬಸಳೆಯ ಒಂದು ತುಂಡು ಊರಿದರೆ ಸಾಕು, ಚಪ್ಪರ ತುಂಬುತ್ತದೆ. ಅಲಸಂದೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಕೆಸುವಿಗೆ ನೀರು ಹೆಚ್ಚಾಯಿತೆಂಬ ದೂರಿಲ್ಲ. ಮೊದಲ ವರ್ಷದ ಅರ್ಧ ನೆಲವನ್ನಾದರೂ ಇಂಥವುಗಳಿಗೆ ಮೀಸಲಿಟ್ಟ ಮನೆ ಬರಿಗೈಯಲ್ಲಿ ಉಳಿಯುವುದಿಲ್ಲ.

ಇನ್ನು ಗಮನದಿಂದ ತಡೆಯಬಹುದಾದ ನಷ್ಟಗಳು. ಬಳ್ಳಿಯ ತುಂಬ ಹೂವು, ಆದರೆ ಕಾಯಿಯೇ ಇಲ್ಲ ಎಂಬುದು ಹೊಸಬರ ಸಾಮಾನ್ಯ ದುಃಖ. ಈ ಬಳ್ಳಿಗಳಲ್ಲಿ ಸಾಮಾನ್ಯವಾಗಿ ಗಂಡುಹೂ ಮೊದಲು ಬರುತ್ತದೆ. ಹಿಂಬದಿಯಲ್ಲಿ ಪುಟ್ಟ ಕಾಯಿಯನ್ನು ಹೊತ್ತ ಹೆಣ್ಣುಹೂ ಆಮೇಲೆ. ಬಿಡದೆ ಮಳೆ ಸುರಿಯುವಾಗ ಜೇನು ಹೊರಬರುವುದಿಲ್ಲ. ಆಗ ಗಂಡುಹೂವನ್ನು ಕಿತ್ತು ಹೆಣ್ಣುಹೂವಿಗೆ ಸವರಿದರೆ ಕಾಯಿ ಕಚ್ಚುತ್ತದೆ. ಸೌತೆ, ಹಾಗಲದ ಹೂಗಳಿಗೆ ಇದನ್ನು ಬೆಳಗ್ಗೆ ಮಾಡಬೇಕು. ಹೀರೆಯ ಹೂ ಅರಳುವುದು ಸಂಜೆ.

ಕಾಯಿ ಕಚ್ಚಿದ ಮೇಲೆ ಹಣ್ಣುನೊಣದ ಕಾಟ. ಎಳೆಗಾಯಿಯ ಸಿಪ್ಪೆಯೊಳಗೆ ಅದು ಮೊಟ್ಟೆಯಿಡುತ್ತದೆ. ಹುಳು ಕಾಯಿಯನ್ನು ಕೊಳೆಸಿ, ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ. ಕೊಳೆತ ಕಾಯನ್ನು ಬುಡದಲ್ಲೇ ಬಿಟ್ಟವರು ಮುಂದಿನ ಪೀಳಿಗೆಯನ್ನು ತಾವೇ ಸಾಕಿದಂತೆ. ಅವನ್ನು ದಿನವೂ ಆಯ್ದು ಆಳವಾಗಿ ಹೂಳಬೇಕು. ಎಳೆಗಾಯಿಗೆ ಕಾಗದದ ಇಲ್ಲವೇ ಬಟ್ಟೆಯ ಚೀಲ ತೊಡಿಸಬೇಕು.

ಹಸಿರಾಗಿದ್ದ ಬದನೆ ಗಿಡ ಎರಡೇ ದಿನದಲ್ಲಿ ಬಾಡಿದರೆ ಅದು ದುಂಡಾಣು ಸೊರಗು ರೋಗವಿರಬಹುದು. ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಕಾಂಡದ ಬುಡದ ತುಂಡನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿಯುತ್ತದೆ. ಇಂಥ ಜಾಗದಲ್ಲಿ ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆಗಳನ್ನು ಮತ್ತೆ ಹಾಕಬಾರದು. ನಾಲ್ಕೂ ಒಂದೇ ಕುಟುಂಬದವು. ಮರುವರ್ಷ ಆ ಸಾಲು ಅಲಸಂದೆಗೋ ಹರಿವೆಗೋ ಸಲ್ಲಲಿ.

ಮೂರನೆಯದು ಕಾಡುಪ್ರಾಣಿಗಳ ಹಾವಳಿ. ಮಂಗ ಚಪ್ಪರದ ಕಾಯಿ ಕಿತ್ತರೆ, ಹಂದಿ ನೆಲದ ಗೆಡ್ಡೆ ಅಗೆಯುತ್ತದೆ. ಇದನ್ನು ತಡೆಯುವ ಶಕ್ತಿ ಒಂಟಿ ಮನೆಗಿಲ್ಲ. ನಾಲ್ಕಾರು ಮನೆಯವರು ಹಿತ್ತಲುಗಳನ್ನು ಒಂದೇ ಬೇಲಿಯೊಳಗೆ ತಂದು, ಸರದಿಯ ಮೇಲೆ ಕಾದರೆ ನಷ್ಟ ತಗ್ಗೀತು, ಇಲ್ಲವಾಗದು.

ಇಷ್ಟೆಲ್ಲ ಕಷ್ಟಪಟ್ಟು ಎರಡನೆಯ ವರ್ಷಕ್ಕೆ ಏಕೆ ಮುಂದುವರಿಯಬೇಕು? ಉತ್ತರ ಬೀಜದಲ್ಲಿದೆ. ಮನೆಬೀಜ ಜೀವಂತ ವಸ್ತು. ಮಲೆನಾಡಿನ ತೇವದಲ್ಲಿ ಅದರ ಮೊಳಕೆಯ ಶಕ್ತಿ ವರ್ಷದಿಂದ ವರ್ಷಕ್ಕೆ ಕುಂದುತ್ತದೆ. ಕೆಲವು ವರ್ಷ ಬಿತ್ತದೆ ಬಿಟ್ಟರೆ, ಒಂದು ಕೇರಿಯ ಬದನೆ ತಳಿ ಯಾರಿಗೂ ತಿಳಿಯದಂತೆ ಮುಗಿದುಹೋಗುತ್ತದೆ. ಅಂಗಡಿಯ ಹೈಬ್ರಿಡ್ ಬೀಜ ಆ ಜಾಗ ತುಂಬಲಾರದು. ಅದರ ಸಂತತಿಯಲ್ಲಿ ತಾಯಿಯ ಗುಣ ಸ್ಥಿರವಾಗಿ ನಿಲ್ಲುವುದಿಲ್ಲ.

ಬೀಜ ಹಿಡಿಯುವುದನ್ನು ಅಲಸಂದೆಯಿಂದ ಆರಂಭಿಸುವುದು ಸುಲಭ. ಅದು ಬಹುಪಾಲು ಸ್ವಪರಾಗಸ್ಪರ್ಶದ ಬೆಳೆಯಾದ್ದರಿಂದ ತಳಿ ಬೆರಕೆಯಾಗುವುದು ಕಡಿಮೆ. ರೋಗವಿಲ್ಲದ ಗಿಡದ ಮೊದಲ ಒಳ್ಳೆಯ ಕೋಡುಗಳನ್ನು ಕೊಯ್ಯದೆ ಬಲಿಯಲು ಬಿಡಬೇಕು. ಒಣಗಿದ ಕಾಳಿಗೆ ಜರಡಿ ಹಿಡಿದ ಬೂದಿ ಬೆರೆಸಿದರೆ ಹುಳು ತಗಲುವುದು ಕಡಿಮೆಯಾಗುತ್ತದೆ. ಒಲೆಯ ಮೇಲಣ ಅಟ್ಟದ ಹೊಗೆ ಗ್ಯಾಸ್ ಬಂದ ಮನೆಗಳಲ್ಲಿ ಇಲ್ಲ. ಅಲ್ಲಿ ಬಿಗಿ ಮುಚ್ಚಳದ ಗಾಜಿನ ಬಾಟಲಿಯೇ ಗತಿ.

ಬೀಜ ಹಂಚಿಕೊಳ್ಳುವುದಕ್ಕೆ ಕಾನೂನಿನ ಬೆಂಬಲವೂ ಇದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001, ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ರೈತನಿಗೆ ನೀಡಿದೆ. ನೋಂದಾಯಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೆ. ಆದರೆ ಬಿತ್ತುವವರೇ ಇಲ್ಲದಿದ್ದರೆ ಹಕ್ಕು ಕಾಗದದಲ್ಲಿ ಉಳಿಯುತ್ತದೆ.

ಆದುದರಿಂದ ಹೊಸದಾಗಿ ಹಿತ್ತಲು ಮಾಡಿದವರು ಒಂದು ಪುಸ್ತಕ ಇಡಲಿ. ಯಾವ ಮಳೆಗೆ ಯಾವ ಬೀಜ, ಯಾವ ಸಾಲಿನಲ್ಲಿ ಸೊರಗು, ಎಷ್ಟು ಬುಟ್ಟಿ ಬಂತು, ಎಷ್ಟು ಮಂಗನ ಪಾಲಾಯಿತು ಎಂದು ಬರೆಯಲಿ. ಬರುವ ಕೃತ್ತಿಕೆ ಮಳೆಗೆ ಆ ಪುಸ್ತಕವೂ ಒಂದು ಹಿಡಿ ಬೀಜವೂ ಮನೆಯಲ್ಲಿದ್ದರೆ, ಮೊದಲ ವರ್ಷ ವ್ಯರ್ಥವಾಗಲಿಲ್ಲವೆಂದೇ ಅರ್ಥ.