ಆಣೆ, ಓಟು ಮತ್ತು ಒಂದು ದಿನದ ಕೂಲಿ

(ಕಾಫಿ ತೋಟಗಳಿಂದ ಹಬ್ಬಕ್ಕೆ ಊರಿಗೆ ಬಂದ ಕುಟುಂಬಗಳ ಕೂಟದಲ್ಲಿ, ನಾಗಲದಿನ್ನೆಯ ಉಪದೇಶಿಯೊಬ್ಬರು ಆಡಿದ ಮಾತುಗಳು)



2024ರ ಚುನಾವಣೆಗೆ ಎರಡು ದಿನ ಮುಂಚೆ ಒಬ್ಬ ತಾಯಿ ನನ್ನ ಮನೆಗೆ ಬಂದರು. “ದುಡ್ಡು ಕೊಟ್ಟು, ಬೈಬಲ್ ಮುಟ್ಟಿಸಿ ಆಣೆ ಮಾಡಿಸಿಕೊಂಡಾರ, ಅಯ್ಯನವರೇ. ಈಗ ಬ್ಯಾರೆಯವರಿಗೆ ಹಾಕಿದರೆ ದೇವರು ಸಿಟ್ಟಾಗಂಗಿಲ್ಲೇನು?” ಎಂದು ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ರಾತ್ರಿ ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯ ತೆರೆದೆ. ಹೆರೋದನು ಔತಣದಲ್ಲಿ ಹುಡುಗಿಗೆ ಆಣೆಯಿಟ್ಟು ಮಾತು ಕೊಟ್ಟ. ಬಂದವರೆದುರು ಮಾತು ತಪ್ಪಬಾರದೆಂದು ಯೋಹಾನನ ತಲೆ ತೆಗೆಸಿದ. ಆಣೆ ಉಳಿಯಿತು, ನೀತಿವಂತನ ಪ್ರಾಣ ಹೋಯಿತು. ಕೆಟ್ಟ ಕೆಲಸಕ್ಕೆ ಇಟ್ಟ ಆಣೆಯನ್ನು ನಡೆಸಿಕೊಡೆಂದು ದೇವರು ಕೇಳುವುದಿಲ್ಲವೆಂದು ಬೆಳಿಗ್ಗೆ ಆ ತಾಯಿಗೆ ಹೇಳಿದೆ. ದುಡ್ಡು ಮುಟ್ಟಿದ್ದು ಸರಿಯೆಂದು ಮಾತ್ರ ಹೇಳಲಿಲ್ಲ. ಕಾನೂನಿನಲ್ಲಿ ಕೊಟ್ಟವರೂ ತೆಗೆದುಕೊಂಡವರೂ ತಪ್ಪಿತಸ್ಥರೇ. ಒಂದು ವರ್ಷದವರೆಗೆ ಸೆರೆಮನೆ ಆಗಬಹುದು.

ಯಾರಿಗೆ ಹಾಕಿದೆವೆಂದು ಅವರಿಗೆ ತಿಳಿದುಬಿಡುತ್ತದೆ ಎಂಬ ಹೆದರಿಕೆ ಇನ್ನೊಂದು. ಯಂತ್ರದ ಪಕ್ಕದ ಚೀಟಿ ಏಳು ಸೆಕೆಂಡು ನಿಮಗೊಬ್ಬರಿಗೇ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಅದರಲ್ಲಿ ನಿಮ್ಮ ಹೆಸರಿಲ್ಲ. ಎಣಿಕೆಯಲ್ಲಿ ಯಾವ ಬೂತಿನಲ್ಲಿ ಎಷ್ಟು ಬಂತೆಂದು ತಿಳಿಯುವುದು ನಿಜ. ಯಾರು ಹಾಕಿದ್ದೆಂದು ತಿಳಿಯುವುದಿಲ್ಲ.

ಖರ್ಚಿನ ವಿಷಯ. ನಮ್ಮ ರಾಜ್ಯದಲ್ಲಿ ಅಭ್ಯರ್ಥಿಗೆ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ ಎಂದು 2022ರಲ್ಲಿ ಮಿತಿ ಗೊತ್ತುಮಾಡಿದ್ದಾರೆ. ಅಷ್ಟರೊಳಗೆ ಹಂಚಿದರೆ ತಪ್ಪಿಲ್ಲವೆಂದು ನಮ್ಮ ಹುಡುಗರೇ ವಾದಿಸುತ್ತಾರೆ. ಆ ಲೆಕ್ಕ ಜೀಪು, ಮೈಕು, ಕರಪತ್ರಗಳದ್ದು. ಓಟಿಗೆಂದು ಕೊಟ್ಟ ಒಂದು ರೂಪಾಯಿಯೂ ಲಂಚವೇ. ಪಕ್ಷದ ಸಾಮಾನ್ಯ ಪ್ರಚಾರಕ್ಕಂತೂ ಮಿತಿಯೇ ಇಲ್ಲ! ಪಕ್ಷಗಳಿಗೆ ಹಣ ಕೊಟ್ಟವರ ಹೆಸರನ್ನು ಜನರಿಂದ ಮುಚ್ಚಿಟ್ಟ ಚುನಾವಣಾ ಬಾಂಡುಗಳು 2018ರಲ್ಲಿ ಬಂದವು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟು ಅವನ್ನು ರದ್ದುಮಾಡಿತು. ಹೆಸರುಗಳು ಹೊರಬಿದ್ದಾಗ ದೊಡ್ಡ ದೊಡ್ಡ ಕಂಪನಿಗಳೇ ಕಂಡವು. ಅಂಥವರು ಪುಕ್ಕಟೆ ಕೊಡುತ್ತಾರೆಯೇ?

ಹೆಚ್ಚು ಜನ ಓಟು ಹಾಕಿದರೆ ಚುನಾವಣೆ ಚೊಕ್ಕವೆಂದೂ ತಿಳಿಯಬೇಡಿ. 2024ರಲ್ಲಿ ದೇಶದಲ್ಲಿ ನೂರಕ್ಕೆ ಸುಮಾರು 66 ಮಂದಿ ಹಾಕಿದರು, ಆಂಧ್ರದಲ್ಲಿ 80ಕ್ಕೂ ಹೆಚ್ಚು. ಆ ತಾಯಿಯೂ ಆ ಲೆಕ್ಕದಲ್ಲಿದ್ದಾರೆ.

ಉಳಿದವರೆಲ್ಲ ಸೋಮಾರಿಗಳೆಂಬ ಮಾತು ನನಗೆ ಬಹಳ ನೋವು ತರುತ್ತದೆ. ಲೆಕ್ಕ ಮಾಡುವುದು ಪಟ್ಟಿಯಲ್ಲಿರುವ ಹೆಸರುಗಳ ಮೇಲೆ. ಹೆಸರು ಇಲ್ಲಿ, ಹೊಟ್ಟೆಪಾಡು ಗುಂಟೂರಿನ ಮೆಣಸಿನಕಾಯಿ ಹೊಲದಲ್ಲಿ, ಇಲ್ಲವೇ ಕೊಡಗಿನ ಲೈನ್‌ಮನೆಯಲ್ಲಿ! ಕೊಡಗಿನಲ್ಲಿ ಮತದಾನ ಏಪ್ರಿಲ್ 26ಕ್ಕೆ ಮುಗಿಯಿತು; ಇಲ್ಲಿ ಮೇ 13ಕ್ಕೆ. ಅಂದು ಅಲ್ಲಿ ಎಂದಿನಂತೆ ಕೆಲಸ. ಪ್ರಜಾಪ್ರತಿನಿಧಿ ಕಾಯಿದೆಯ 135-ಬಿ ಕಲಮಿನ ಪ್ರಕಾರ, ಓಟಿನ ಹಕ್ಕುಳ್ಳ ಕೆಲಸಗಾರರಿಗೆ ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಉಂಟು, ಬೇರೆ ಊರಿನಲ್ಲಿ ದುಡಿಯುವವರಿಗೂ ಉಂಟು. ಕೊಡದ ಮಾಲೀಕರಿಗೆ ದಂಡ 500 ರೂಪಾಯಿವರೆಗೆ ಮಾತ್ರ. ಅದಕ್ಕೆ ಯಾರು ಹೆದರುತ್ತಾರೆ? ಆದಕಾರಣ ಒಬ್ಬೊಬ್ಬರೇ ಮೇಸ್ತ್ರಿಯ ಮುಂದೆ ನಿಂತು ಬೇಡಬೇಡಿ. ಎಲ್ಲರೂ ಸೇರಿ, ವಾರ ಮುಂಚೆಯೇ, ಸಂಘದ ಮೂಲಕ ಬರೆದುಕೊಡಿ.

ಅಷ್ಟು ದೂರದಿಂದ ಒಂದೇ ದಿನದಲ್ಲಿ ಬಂದುಹೋಗುವುದು ಕಷ್ಟ, ಬಲ್ಲೆ. ವರ್ಷವೆಲ್ಲ ತೋಟದಲ್ಲೇ ಇರುವವರು ನಮೂನೆ 8 ತುಂಬಿ ಹೆಸರನ್ನು ಅಲ್ಲಿಗೇ ವರ್ಗಾಯಿಸಿಕೊಳ್ಳಬಹುದು. ಎರಡು ಕಡೆ ಇರಬಾರದು. ನಮೂನೆಗಳು ನನ್ನಲ್ಲಿವೆ; ಪ್ರಾರ್ಥನೆ ಮುಗಿದ ಮೇಲೆ ಗುರುತಿನ ಚೀಟಿ ಹಿಡಿದು ಬನ್ನಿ, ಕೂತು ತುಂಬೋಣ.