ಲೋಕದ ಕೊನೆಯೋ, ದುಡಿಯುವವರ ಸಂಕಟವೋ?

(ಎಂ.ಕೆ. ಹುಬ್ಬಳ್ಳಿಯಲ್ಲಿ ಮಾಡಿದ ಭಾಷಣ)



ಈ ಊರಿನ ಮಲಪ್ರಭೆಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಹಾಳಾಗಿ, ಶರಣರು ದಿಕ್ಕಾಪಾಲಾಗಿ ಉಳವಿಯ ದಾರಿ ಹಿಡಿದ ನೆನಪು ಅದು. ಆ ಸೋಲಿನ ನೋವಿನಿಂದಲೇ ಮುಂದೆ ಕಾಲಜ್ಞಾನವೆಂಬ ಸಾಹಿತ್ಯ ಬೆಳೆಯಿತು. ಲೋಕ ಕೆಡುವುದು, ಆಮೇಲೆ ಶರಣರು ಕಲ್ಯಾಣಕ್ಕೆ ಮರಳುವರು ಎಂದು ಅದು ಸಾರಿತು. 1565ರಲ್ಲಿ ರಕ್ಕಸತಂಗಡಿಯ ಕಾಳಗವಾಗಿ ಹಂಪಿ ಹಾಳಾಯಿತು. ಆ ನಾಡಿನವರು ವೀರ ವಸಂತರಾಯ ಬರುವನೆಂದು ದಾರಿ ಕಾದರು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ರಶಿಯಾದಲ್ಲಿ 1649ರ ಕಾಯಿದೆ ರೈತನನ್ನು ಜಮೀನುದಾರನ ಭೂಮಿಗೆ ಕಟ್ಟಿಹಾಕಿತು. 1654ರಲ್ಲಿ ಪ್ಲೇಗು ಬಂತು. ಅದೇ ಕಾಲಕ್ಕೆ ಚರ್ಚಿನ ಅಧಿಕಾರಿಗಳು ಹಳೆಯ ಪೂಜಾವಿಧಿಗಳನ್ನು ಬದಲಿಸಿ, ಒಪ್ಪದವರನ್ನು ಬಹಿಷ್ಕರಿಸಿದರು. 1666ನೆಯ ಇಸವಿಯಲ್ಲಿ ಬೈಬಲ್ಲಿನ 666 ಎಂಬ ಅಂಕಿ ಕಂಡ ಹಳೆಯ ನಂಬಿಕೆಯವರು, ಕ್ರಿಸ್ತವೈರಿಯ ಆಳ್ವಿಕೆ ಬಂದಿತೆಂದು ಬರೆದರು. ಮುಂದೆ ಸಿಪಾಯಿಗಳು ಹುಡುಕಿಕೊಂಡು ಬಂದಾಗ ಎಷ್ಟೋ ಕಡೆ ಬಾಗಿಲು ಹಾಕಿಕೊಂಡು ತಾವೇ ಬೆಂಕಿ ಹಚ್ಚಿಕೊಂಡರು. ಸಾವಿರಾರು ಜನ ಬೂದಿಯಾದರು. ಜಮೀನುದಾರನ ಕೂದಲೂ ಕೊಂಕಲಿಲ್ಲ. ರೈತನ ಜೀತ 1861ರವರೆಗೆ ನಡೆಯಿತು.

ನಮ್ಮ ದೇಶದಲ್ಲೂ 1962ರ ಫೆಬ್ರುವರಿ 3ರಿಂದ 5ರವರೆಗೆ ಮಕರ ರಾಶಿಯಲ್ಲಿ ಅಷ್ಟಗ್ರಹ ಕೂಟವಾಗಿ ಪ್ರಳಯವಾಗುವುದೆಂದು ಗುಲ್ಲೆದ್ದಿತು. ಊರೂರಲ್ಲಿ ಯಜ್ಞ ನಡೆದವು. ಮಕ್ಕಳ ತಟ್ಟೆಗೆ ಬೀಳದ ತುಪ್ಪ ಬೆಂಕಿಗೆ ಬಿದ್ದಿತು. ಪ್ರಳಯವಾಗಲಿಲ್ಲ. ಅದೇ ತಿಂಗಳು ಅದೇ ಜನ ಸಾರ್ವತ್ರಿಕ ಚುನಾವಣೆಯಲ್ಲಿ ಸಾಲುಗಟ್ಟಿ ನಿಂತು ಮತ ಹಾಕಿದರು.

ಹಾಗೆಂದು ಕಾಲಜ್ಞಾನವನ್ನು ಕಂಡು ನಗಬೇಡಿರಿ. ಅದು ಕೇಳುವವರಿಲ್ಲದ ಜನ ದೇವರಿಗೆ ಬರೆದುಕೊಂಡ ಅರ್ಜಿ. ಅದರಲ್ಲಿ ಹೇಳಿದ ಸಂಕಟ ನಿಜ. ತಪ್ಪಿರುವುದು ಕೈಕಟ್ಟಿ ಕಾಯುವುದರಲ್ಲಿ, ಅಂಜಿಕೆಯನ್ನು ಮಾರಿ ಬದುಕುವವರನ್ನು ನಂಬುವುದರಲ್ಲಿ. ಪಗಾರ ತಡವಾದರೆ, ಉದ್ರಿ ವಸೂಲಾಗದೆ ಅಂಗಡಿ ಮುಚ್ಚಿದರೆ ನಾವು ಕಲಿಗಾಲ ಎನ್ನುತ್ತೇವೆ. ಪಗಾರ ತಡೆದವನು ಕಲಿಯೇ? ಬಡ್ಡಿ ಏರಿಸಿದವನು ಶನಿಯೇ? ಅವರೆಲ್ಲ ಮನುಷ್ಯರು, ಅವರಿಂದ ಲೆಕ್ಕ ಕೇಳಬಹುದು.

ಕಿತ್ತೂರು ಬಿದ್ದ ಮೇಲೆ ಸಂಗೊಳ್ಳಿ ರಾಯಣ್ಣ ಯಾವ ಅವತಾರಪುರುಷನಿಗೂ ಕಾಯಲಿಲ್ಲ. ಸುತ್ತಲ ಹಳ್ಳಿಗಳ ಜನರನ್ನು ಕೂಡಿಸಿಕೊಂಡು ಎದ್ದನು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು, ನಿಜ. ಆದರೆ ವೈರಿ ಯಾರೆಂಬುದು ಅವನಿಗೆ ಗೊತ್ತಿತ್ತು. ನಾವೂ ಅಷ್ಟನ್ನು ತಿಳಿಯೋಣ. ಬರುವ ಕಾಲ ಯಾವ ತಾಳೆಗರಿಯಲ್ಲೂ ಬರೆದಿಟ್ಟಿಲ್ಲ. ಅದನ್ನು ನಮ್ಮ ಸಂಘ ಬರೆಯಬೇಕು.